ಕರುವಿನ ಪಾಲು

ಮನೀಷಾಳ ಸಂದೇಶ ಸ್ನಾನಕ್ಕೆ ಹೋಗುವ ಮೊದಲೇ ಬಂದಿತ್ತು. ಹಳೆಯ ಸೀರಮ್ ಬಾಟಲಿ ಖಾಲಿ, ಹೊಸದನ್ನು ಫ್ರೀಜರಿನಿಂದ ಹೊರಗೆ ತೆಗೆಯಲೇ, ಜೀವಕಣಗಳಿಗೆ ಇವತ್ತು ಊಟ ಬದಲಿಸದಿದ್ದರೆ ಸೊರಗುತ್ತವೆ, ಬೇಗ ಹೇಳು. ಅಷ್ಟೇ. ಧಾರವಾಡದ ಪ್ರಯೋಗಾಲಯದಲ್ಲಿ ಇಬ್ಬರೂ ಚಹಾ ಕುಡಿಯುತ್ತ ಆಡಿಕೊಳ್ಳುವಂಥ ಮಾತು. ಹೂಂ ಎಂದು ಒಂದಕ್ಷರ ಒತ್ತಿದ್ದರೆ ಮುಗಿದುಹೋಗುತ್ತಿತ್ತು. ಆದರೆ ರಬಕವಿಯ ಈ ಮನೆಯ ಹಿತ್ತಿಲಲ್ಲಿ, ಗಳುವಿನ ಮೇಲೆ ಯಾರೂ ಮುಟ್ಟದಂತೆ ಒಣಹಾಕಿದ್ದ ಮಡಿಸೀರೆ ಕಣ್ಣೆದುರಿಗೇ ತೂಗುತ್ತಿರುವಾಗ ಧನಶ್ರೀಯ ಹೆಬ್ಬೆರಳು ಆ ಅಕ್ಷರದ ಮೇಲೆ ಇಳಿಯಲಿಲ್ಲ. ಆಮೇಲೆ ಹೇಳಿದರಾಯಿತು ಎಂದು ಫೋನನ್ನು ಪಡಸಾಲೆಯ ಗೂಡಿನಲ್ಲಿಟ್ಟು ಬಚ್ಚಲಿಗೆ ಹೋದಳು. ಮೈಮೇಲೆ ನೀರು ಬಿದ್ದು ಮಡಿಸೀರೆ ಉಟ್ಟ ಮೇಲೆ ಹೊಳೆಯಿತು, ಇನ್ನು ಬಸದಿಯ ಮುನಿಮಹಾರಾಜರ ಆಹಾರ ಮುಗಿಯುವ ತನಕ ಫೋನು ಮುಟ್ಟುವಂತಿಲ್ಲ. ತಾನೇ ಬೇಕೆಂದು ಹೀಗೆ ಮಾಡಿಕೊಂಡೆನೋ ಏನೋ ಎಂದು ಅನುಮಾನವಾಯಿತು. ಗೂಡಿನೊಳಗೆ ಫೋನು ಆಗಾಗ ಬೆಳಗಿ ಆರುತ್ತಿತ್ತು. ಅತ್ತ ನೋಡಬಾರದೆಂದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಚಾತುರ್ಮಾಸಕ್ಕೆಂದು ಊರ ಬಸದಿಗೆ ಬಂದು ನೆಲೆಸಿದ್ದ ಮುನಿಮಹಾರಾಜರಿಗೆ ಇವತ್ತು ಧನಶ್ರೀಯ ತಾಯಿ ಪದ್ಮವ್ವನೂ ಆಹಾರ ಸಿದ್ಧ ಮಾಡಿ ಬಾಗಿಲಲ್ಲಿ ನಿಲ್ಲುವವಳಿದ್ದಳು. ಮಹಾರಾಜರದು ಎಂಬತ್ತು ದಾಟಿದ ಜೀವ. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡೇ, ಬೊಗಸೆಯಲ್ಲಿ ಹಾಕಿದಷ್ಟು ಅನ್ನ, ನೀರು. ಮುಂದೆ ಮರುದಿನದ ತನಕ ಗುಟುಕು ನೀರೂ ಇಲ್ಲ. ನಿನ್ನೆ ಬನಹಟ್ಟಿಯ ಮನೆಯೊಂದರಲ್ಲಿ ಮೊದಲ ತುತ್ತಿನಲ್ಲೇ ಕೂದಲು ಕಂಡು, ಅಂತರಾಯವಾಯಿತೆಂದು ಬೊಗಸೆ ಬಿಡಿಸಿ, ಹಸಿದವರು ಹಸಿದಂತೆಯೇ ಬಸದಿಗೆ ಮರಳಿದ್ದರು. ಈ ಸುದ್ದಿ ಬಂದಾಗಿನಿಂದ ಪದ್ಮವ್ವ ಕೂತಲ್ಲಿ ಕೂತಿರಲಿಲ್ಲ. ಅಡುಗೆಮನೆಯನ್ನು ಎರಡು ಸಲ ತೊಳೆದಿದ್ದಳು. ಮಗಳು ಜಮಖಂಡಿಯಲ್ಲಿ ಬಸ್ಸು ಬದಲಿಸಿ ಮನೆಗೆ ಬಂದು ತಲುಪಿದಾಗ, ಪ್ರಯಾಣ ಹೇಗಾಯಿತೆಂದು ಕೇಳುವುದನ್ನೂ ಮರೆತು, ಹಾಲಿಲ್ಲದ ಕಪ್ಪು ಚಹಾ ಗುಟುಕರಿಸುತ್ತ ಮಹಾರಾಜರ ಒಣಗಿದ ತುಟಿಯ ಮಾತನ್ನೇ ಆಡಿದ್ದಳು. ಹಾಲು ಯಾಕೆ ಹಾಕಿಕೊಂಡಿಲ್ಲ ಎಂದರೆ ಪಿತ್ತವಾಗುತ್ತದೆ ಎಂದಿದ್ದಳು. ಅದನ್ನು ಧನಶ್ರೀ ಕಿವಿಗೆ ಹಾಕಿಕೊಂಡಿರಲಿಲ್ಲ.

ಬಾವಿಯ ಕಟ್ಟೆಯ ಹತ್ತಿರ ಹೋದಾಗ ಪದ್ಮವ್ವ ತಂಬಿಗೆಯ ಬಾಯಿಗೆ ಎರಡು ಮಡಿಕೆ ಬಿಳಿ ಅರಿವೆ ಕಟ್ಟುತ್ತಿದ್ದವಳು ತಲೆಯೆತ್ತಿ ಮಗಳ ಮುಖವನ್ನು ಒಂದು ಗಳಿಗೆ ಜಾಸ್ತಿಯೇ ನೋಡಿದಳು.

"ಧನಾ, ಇವತ್ತ ನಿನಗ ಏನರ ಅಡ್ಡಿ ಐತೇನು? ಇದ್ರ ಈಗ ಹೇಳು. ಹಗ್ಗ ಮುಟ್ಟಿದ ಮ್ಯಾಲ ಹೇಳಿದ್ರ ನಡಿಯೂದಿಲ್ಲ."

ಏನೂ ಇಲ್ಲ ಎಂದು ಧನಶ್ರೀ ಸಿಡುಕಿದಳು. ಮುಟ್ಟಿನ ದಿನದ ಲೆಕ್ಕವನ್ನು ತಾಯಿ ಹೀಗೆ ಬಾವಿಕಟ್ಟೆಯ ಮೇಲೆ ಕೇಳುವುದು ಹೈಸ್ಕೂಲಿನ ದಿನಗಳಿಂದಲೂ ಅವಳಿಗೆ ಸಿಟ್ಟು ತರಿಸುತ್ತಿತ್ತು. ಸಿಟ್ಟಿನಲ್ಲೇ ಹಗ್ಗ ಹಿಡಿದು ಕೊಡ ಇಳಿಬಿಟ್ಟಳು. ಕೊಡ ನೀರಿಗೆ ಬಡಿದ ಸದ್ದು ಕೇಳಿದ ಮೇಲೆ, ಸ್ವಲ್ಪ ತಡವಾಗಿ, ಅಯ್ಯೋ ಅನ್ನಿಸಿತು. ಎಷ್ಟು ಸುಲಭದ ದಾರಿಯಿತ್ತು. ಕಡಿಗಿ ಆಗೇನಿ ಎಂದು ಒಂದು ಸುಳ್ಳು ಹೇಳಿ ಹಿಂದಿನ ಕೋಣೆಯಲ್ಲಿ ಕೂತುಬಿಟ್ಟಿದ್ದರೆ ಸೀರೆಯ ಹಂಗಿರಲಿಲ್ಲ, ಮಂತ್ರದ ಹಂಗಿರಲಿಲ್ಲ, ಫೋನು ಕೈಯಲ್ಲೇ ಇರುತ್ತಿತ್ತು. ಈಗ ಹೇಳುವುದೆಂದರೆ ಅವಳು ಮುಟ್ಟಿದ ಹಗ್ಗ, ಕೊಡ, ಬಾವಿಯ ನೀರು ಎಲ್ಲ ಮೈಲಿಗೆ, ಇವತ್ತಿನ ಅಡುಗೆಯೇ ನಿಲ್ಲಬೇಕು. ಮುದುಕರು ಈ ಬಾಗಿಲನ್ನು ದಾಟಿ ಮುಂದೆ ಹೋಗಬೇಕು. ಮುಂದೆ ಯಾವ ಬಾಗಿಲು ತೆರೆದಿರುತ್ತದೋ ಯಾರಿಗೆ ಗೊತ್ತು. ಅವಳು ಕೊಡ ಮೇಲೆತ್ತಿದಳು. ಪದ್ಮವ್ವ ನೀರನ್ನು ಅರಿವೆಯ ಮೇಲೆ ಸಣ್ಣಗೆ ಸುರಿಸಿ ಸೋಸಿದಳು. ಆಮೇಲೆ ಆ ಅರಿವೆಯನ್ನು ಬೋರಲು ಹಿಡಿದು, ಸೋಸಿದ ನೀರನ್ನೇ ಅದರ ಬೆನ್ನ ಮೇಲೆ ಹನಿಸಿ, ಒಳಗೆ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಜೀವಗಳೆಲ್ಲ ಪುಟ್ಟ ಡಬರಿಗೆ ಇಳಿಯುವಂತೆ ಮಾಡಿ ಕಟ್ಟೆಯ ಮೇಲಿಟ್ಟಳು. ಅದನ್ನು ಆಮೇಲೆ ಬಾವಿಗೇ ಇಳಿಸಿ ಬಿಡಬೇಕು. ಅವು ಅವುಗಳ ಮನೆಗೆ ಹೋಗಲಿ ಎಂದು ಚಿಕ್ಕವಳಿದ್ದಾಗ ಹೇಳಿಕೊಟ್ಟಿದ್ದಳು.

ಈ ಕೈಗಳಿಂದಲೇ ಧನಶ್ರೀಗೆ ಪ್ರಯೋಗಾಲಯದಲ್ಲಿ ಹೆಸರು. ಉಳಿದವರ ಬಾಟಲಿಗಳಲ್ಲಿ ಬೂಸು ಬೆಳೆಯುತ್ತಿತ್ತು, ಬ್ಯಾಕ್ಟೀರಿಯಾ ಹೊಕ್ಕು ನೀರು ಮಬ್ಬಾಗುತ್ತಿತ್ತು. ಧನಶ್ರೀಯ ಬಾಟಲಿಗಳು ಒಮ್ಮೆಯೂ ಕೆಟ್ಟಿರಲಿಲ್ಲ. ಯಾವುದನ್ನು ಮುಟ್ಟಿದ ಕೈ ಯಾವುದನ್ನು ಮುಟ್ಟಬಾರದು ಎಂಬುದನ್ನು ಅವಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಬಂದವರ ಎದುರಿಗೆಲ್ಲ ಮಾರ್ಗದರ್ಶಕ ಸಿದ್ದಾರೂಢ ಸರ್, ನಮ್ಮ ಧನಶ್ರೀದು ಮಡಿ ಕೈ ಎಂದು ನಗುತ್ತಿದ್ದರು. ಆ ಮಡಿ ಕೈಯಿಂದಲೇ ಅವಳು ದಿನ ಬಿಟ್ಟು ದಿನ ಕಣಗಳಿಗೆ ಸೀರಮ್ ಹಾಕುತ್ತಿದ್ದಳು. ಕಣಗಳ ಬಗ್ಗೆ ಅವಳಿಗೆ ಅಷ್ಟೇನೂ ಅಳುಕಿರಲಿಲ್ಲ. ಅವಳು ಹುಟ್ಟುವ ಮೊದಲೇ ಎಂದೋ ಒಂದು ಇಲಿಯ ಗಡ್ಡೆಯಿಂದ ತೆಗೆದು, ತಲೆಮಾರಿನಿಂದ ತಲೆಮಾರಿಗೆ ಬಾಟಲಿಯಲ್ಲೇ ಬೆಳೆದುಕೊಂಡು ಬಂದವು ಅವು. ಆದರೆ ಸೀರಮ್ ಎಂದರೆ ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆ ಸೀಳಿದಾಗ ಸಿಗುವ, ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದ ತಿಳಿ. ನೋಡಲು ಬೆಲ್ಲದ ನೀರಿನಂತಿರುತ್ತದೆ. ಅದು ಬೇಡವೆಂದು ಅವಳು ಒಮ್ಮೆ ಬೇರೆ ಕೃತಕ ಪೋಷಕ ಹಾಕಿ ನೋಡಿದ್ದಳು. ಕಣಗಳು ತಳಕ್ಕೆ ಅಂಟದೆ ಉಂಡೆಯಾಗಿ ತೇಲಿ ಸತ್ತವು. ಮೂರು ತಿಂಗಳ ಕೆಲಸ ಹಾಳಾಯಿತು. ವಾರದ ಸಭೆಯಲ್ಲಿ ಸಿದ್ದಾರೂಢ ಸರ್ ಎಲ್ಲರೆದುರಿಗೆ, ನಿಮ್ಮ ಅಹಿಂಸೆ ಆ ಕಣಗಳಿಗೆ ಅರ್ಥವಾಗಿಲ್ಲವಲ್ಲ ಎಂದರು. ಎಲ್ಲರೂ ನಕ್ಕರು, ತಾನೂ ನಕ್ಕಿದ್ದಳು. ಈಗ ಬಾವಿಕಟ್ಟೆಯ ಮೇಲೆ ನಿಂತಾಗಲೂ ತನ್ನ ಆ ನಗೆಯನ್ನು ನೆನೆದು ಮೈ ಚುರುಗುಟ್ಟಿತು.

ಅವಕ್ಕೆ ಏನು ಉಣಿಸುತ್ತಿ ಎಂದು ಪದ್ಮವ್ವ ಮೊದಲ ವರ್ಷವೇ ಕೇಳಿದ್ದಳು. ಸಕ್ಕರೆ ನೀರು, ಸ್ವಲ್ಪ ಉಪ್ಪು ಎಂದಿದ್ದಳು ಧನಶ್ರೀ. ಸುಳ್ಳಲ್ಲ, ಅವೂ ಇರುತ್ತವೆ. ಆದರೆ ಪದ್ಮವ್ವ ಆ ಅರ್ಧ ಮಾತನ್ನು ಹಿಡಿದುಕೊಂಡು ಬಸದಿಯ ಕಟ್ಟೆಯ ಮೇಲೆ, ತೇರದಾಳದ ಬೀಗರ ಮನೆಯಲ್ಲಿ, ಮುಧೋಳದ ಮದುವೆಯಲ್ಲಿ, ನನ್ನ ಮಗಳು ಸಕ್ಕರೆ ನೀರು ಉಣಿಸಿ ಜೀವ ಸಾಕುತ್ತಾಳೆ, ಧನುರ್ವಾಯುವಿಗೆ ಔಷಧ ಹುಡುಕುತ್ತಿದ್ದಾಳೆ ಎಂದು ಹೇಳಿಕೊಂಡು ತಿರುಗಿದ್ದಳು. ಔಷಧವನ್ನೂ ಧನಶ್ರೀ ಹುಡುಕುತ್ತಿರಲಿಲ್ಲ. ಧನುರ್ವಾಯುವಿನ ವಿಷ ಕಣದೊಳಗೆ ಹೊಕ್ಕರೆ ಏನಾಗುತ್ತದೆಂದು ಅಳೆಯುತ್ತಿದ್ದಳು, ಅಷ್ಟೇ. ತಾಯಿಯನ್ನು ತಿದ್ದಬೇಕೆಂದುಕೊಂಡಾಗೆಲ್ಲ ಆ ಮುಖದ ಹೆಮ್ಮೆ ನೋಡಿ ಸುಮ್ಮನಾಗಿದ್ದಳು. ಪದ್ಮವ್ವನಿಗೆ ಒಬ್ಬ ತಮ್ಮನಿದ್ದ. ಮಗ್ಗದ ಮನೆಯಲ್ಲಿ ತುಕ್ಕು ಹಿಡಿದ ಮೊಳೆ ತುಳಿದಿದ್ದ. ಹಲ್ಲು ಕಚ್ಚಿಕೊಂಡು, ಬೆನ್ನು ಬಿಲ್ಲಿನಂತೆ ಬಾಗಿ, ನೀರು ನೀರು ಎಂದು ಕಣ್ಣಲ್ಲೇ ಕೇಳುತ್ತಿದ್ದನಂತೆ. ಇನ್ನೂ ಲಂಗ ಉಡುತ್ತಿದ್ದ ಪದ್ಮವ್ವ ಚಮಚದಿಂದ ಹಾಕಿದ ನೀರು ಹಲ್ಲಿನ ಸಂದಿಯಿಂದ ಹೊರಗೇ ಹರಿದುಹೋಯಿತಂತೆ. ಈ ಕಥೆಯನ್ನು ಅವಳು ಹೇಳುತ್ತಿದ್ದುದೇ ಕಡಿಮೆ. ಹೇಳಿದಾಗ ಬೆರಳಿನಿಂದ ತನ್ನ ಗಲ್ಲ ಒರೆಸಿಕೊಳ್ಳುತ್ತಿದ್ದಳು.

ಪಡಸಾಲೆಯಲ್ಲಿ ಫೋನು ಮತ್ತೆ ಬೆಳಗಿತು. ಧಾರವಾಡದಲ್ಲಿ ಮನೀಷಾ ಬಿಳಿ ಕೋಟಿನ ಕೈ ಮಡಚಿ ಫ್ರೀಜರಿನ ಮುಂದೆ ನಿಂತಿರಬಹುದು. ಇವಳಿಗೇನು ಧಾಡಿ ಎನ್ನುತ್ತಿರಬಹುದು. ಹೇಳದೆ ಕೇಳದೆ ಬಾಟಲಿ ತೆಗೆಯುವವಳಲ್ಲ ಅವಳು. ಹಿಂದೊಮ್ಮೆ ಹಾಗೆ ತೆಗೆದಾಗ ಧನಶ್ರೀಯೇ ಅವಳ ಮೇಲೆ ಹರಿಹಾಯ್ದಿದ್ದಳು. ಒಲೆಯ ಮುಂದೆ ಕೂತು ಬೇಳೆ ತಿರುವುತ್ತ ಧನಶ್ರೀ ತನ್ನ ಕಣಗಳನ್ನು ಕಣ್ಣ ಮುಂದೆ ತಂದುಕೊಂಡಳು. ವಿಷ ಹಾಕಿದ ಬಾಟಲಿಯನ್ನೂ ಹಾಕದ ಬಾಟಲಿಯನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಎರಡೂ ಜೀವಂತ, ಎರಡೂ ದುಂಡಗೆ ಹೊಳೆಯುತ್ತಿರುತ್ತವೆ. ಒಳಗೆ ಸಂದೇಶದ ರಾಸಾಯನಿಕ ತುಂಬಿದ ಪುಟ್ಟ ಪುಟ್ಟ ಗುಳ್ಳೆಗಳು ಅಂಚಿಗೆ ಬಂದು ನಿಂತಿರುತ್ತವೆ. ಮೇಲೆ ಪೊಟ್ಯಾಸಿಯಂ ದ್ರಾವಣ ಸುರಿದು ಎಚ್ಚರಿಸಿದರೆ ವಿಷವಿಲ್ಲದ ಕಣ ತನ್ನೊಳಗಿನದನ್ನು ಹೊರಗೆ ಚೆಲ್ಲುತ್ತದೆ. ವಿಷ ಹೊಕ್ಕ ಕಣ ಚೆಲ್ಲುವುದಿಲ್ಲ. ಅದರೊಳಗೆ ಏನೂ ಇಲ್ಲವೆಂದಲ್ಲ, ಒಡೆದು ಅಳೆದರೆ ಎರಡರಲ್ಲೂ ಒಂದೇ ಅಳತೆ. ಗುಳ್ಳೆಯನ್ನು ಅಂಚಿಗೆ ಬೆಸೆಯುವ ಒಂದು ಸಣ್ಣ ಪ್ರೋಟೀನನ್ನು ವಿಷ ಕತ್ತರಿಸಿರುತ್ತದೆ. ಮನುಷ್ಯನ ಬೆನ್ನುಹುರಿಯಲ್ಲಿ ಹೀಗಾದಾಗ, ಸಾಕು, ಸಡಿಲ ಬಿಡು ಎನ್ನುವ ಸಂದೇಶ ಹೊರಡುವುದೇ ಇಲ್ಲ. ದವಡೆ ಕಚ್ಚಿಕೊಂಡದ್ದು ಕಚ್ಚಿಕೊಂಡೇ ಇರುತ್ತದೆ. ಒಳಗೆ ಎಲ್ಲ ಇದೆ, ಬಾಯಿಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದು ಅವಳು ಪ್ರಯೋಗಾಲಯಕ್ಕೆ ಬರುವ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಳು. ಹೇಳುವಾಗ ತನ್ನ ವಿಷಯ ನೆನಪಾಗಿದ್ದಿಲ್ಲ.

ಬಾಗಿಲಲ್ಲಿ ನಿಂತು ಹೇಳಬೇಕಾದ ಮಾತು ಅವಳಿಗೆ ತೊದಲು ನುಡಿಯ ಕಾಲದಿಂದಲೂ ಬಾಯಿಪಾಠ. ನಮೋಸ್ತು ಸ್ವಾಮಿ, ಅತ್ರ ಅತ್ರ, ತಿಷ್ಠ ತಿಷ್ಠ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ. ಇದನ್ನು ಹೇಳದವರ ಕೈಯಿಂದ ಮಹಾರಾಜರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಬಾಗಿಲಲ್ಲಿ ಎಲ್ಲರೂ ಕೂಡಿ ಹೇಳುವಾಗ ತುಟಿ ಅಲ್ಲಾಡಿಸಿದರೆ ಸಾಕು. ಒಳಗೆ ಬಂದ ಮೇಲೆ, ಬೊಗಸೆಗೆ ಹಾಕುವ ಮೊದಲು, ಹಾಕುವವರು ಒಬ್ಬೊಬ್ಬರೇ ಹೇಳಬೇಕು. ತಾನು ಹಾಕುವುದಿಲ್ಲ, ಹಿಂದೆ ನಿಂತು ಪಾತ್ರೆ ಎತ್ತಿಕೊಡುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಅಷ್ಟರಲ್ಲಿ ಪದ್ಮವ್ವ, ನೀರು ಸೇದಿದವಳು ನೀನು, ಮೊದಲ ನೀರು ನೀನೇ ಹಾಕು ಎಂದು ತಂಬಿಗೆಯನ್ನು ಅವಳ ಪಕ್ಕಕ್ಕೆ ಸರಿಸಿದಳು. ತಂದೆ ಸುಪಾರ್ಶ್ವ ಕಲಶ ಹಿಡಿದು ಹೊಸ್ತಿಲಲ್ಲಿ ಆಗಲೇ ನಿಂತಿದ್ದರು. ಧನಶ್ರೀ ಏನೋ ಹೇಳಲು ಬಾಯಿ ತೆರೆದಳು. ಬೀದಿಯ ತುದಿಯಲ್ಲಿ ಜನ ಬಂದ ಸದ್ದಾಯಿತು.

ಬಲಗೈಯ ಬೆರಳುಗಳನ್ನು ಹೆಗಲಿಗೆ ತಾಗಿಸಿಕೊಂಡು ಮಹಾರಾಜರು ಬಂದರು. ಬಯಲ ಮೈಯ ಪಕ್ಕೆಲುಬುಗಳ ಮೇಲೆ ಚರ್ಮ ಸಡಿಲವಾಗಿ ಜೋತುಬಿದ್ದಿತ್ತು. ನಡೆ ನಿಧಾನ. ತುಟಿ ಬಿರುಕು ಬಿಟ್ಟು ಬೆಳ್ಳಗಾಗಿತ್ತು. ಎದುರುಮನೆಯನ್ನು ದಾಟಿದರು. ಧನಶ್ರೀಗೆ, ಇಲ್ಲಿ ನಿಲ್ಲದಿರಲಿ ದೇವರೇ ಎಂಬ ಪ್ರಾರ್ಥನೆ ಒಳಗಿನಿಂದ ಉಕ್ಕಿತು. ಆ ಪ್ರಾರ್ಥನೆಯ ನೀಚತನ ಅದರ ಬೆನ್ನಿಗೇ ಗೊತ್ತಾಯಿತು. ತನ್ನೊಂದು ಮಾತು ಉಳಿಸಿಕೊಳ್ಳಲು ಮುದುಕರು ಉಪವಾಸ ಹೋಗಲಿ ಎಂದೆನಲ್ಲ. ಪಕ್ಕದಲ್ಲಿ ಪದ್ಮವ್ವನ ದನಿ ಏರಿತು. ನಮೋಸ್ತು, ನಮೋಸ್ತು, ಮನಶುದ್ಧಿ, ವಚನಶುದ್ಧಿ. ಒಂದಿಷ್ಟೂ ನಡುಗದ ದನಿ. ತಂದೆಯ ದನಿ ಅದರ ಹಿಂದೆ ಹಿಂದೆ ಬಂತು. ಧನಶ್ರೀಯ ತುಟಿಗಳು ಅಲ್ಲಾಡಿದವು. ಓಣಿಯ ಪವರ್‌ಲೂಮುಗಳ ಖಟಖಟದಲ್ಲಿ ಅವಳ ದನಿಯಿಲ್ಲದ್ದು ಯಾರಿಗೂ ತಿಳಿಯುವಂತಿರಲಿಲ್ಲ. ಮಹಾರಾಜರು ನಿಂತರು, ಅವರ ಬೆರಳುಗಳು ಹೆಗಲಿನಿಂದ ಇಳಿದವು, ಆಹಾರ ಈ ಮನೆಯಲ್ಲೇ ಎಂದಾಯಿತು.

ಒಳಗೆ ಮಣೆಯ ಮೇಲೆ ನಿಂತು ಅವರು ಬೊಗಸೆ ಜೋಡಿಸಿದರು. ತಂಬಿಗೆ ಧನಶ್ರೀಯ ಕೈಯಲ್ಲಿತ್ತು. ಎರಡು ಹೆಜ್ಜೆ ಮುಂದೆ ಬಂದಳು. ಆಗ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಬೆಳಗಿನಿಂದ ಕಿವಿ ತುಂಬಿದ್ದ ಸದ್ದು ಅಡಗಿ, ಒಲೆಯ ಮೇಲಿನ ಹಾಲಿನ ಗುಳುಗುಳು ಕೂಡ ಕೇಳುವಂತಾಯಿತು. ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದರು. ಮಾತು ನಾಲಿಗೆಯ ತುದಿಯಲ್ಲಿತ್ತು, ಅಕ್ಷರ ಅಕ್ಷರವಾಗಿ ಇತ್ತು, ಅಲ್ಲೇ ನಿಂತಿತ್ತು. ಮನಶುದ್ಧಿ ಎನ್ನಬೇಕು. ಯಾವ ಮನಸ್ಸು, ಈಗ ತಾನೇ ಇವರು ಮುಂದೆ ಹೋಗಲೆಂದು ಬೇಡಿಕೊಂಡ ಮನಸ್ಸೇ. ವಚನಶುದ್ಧಿ ಎನ್ನಬೇಕು, ಸಕ್ಕರೆ ನೀರು ಎಂದ ಬಾಯಿಂದಲೇ. ಕಾಯಶುದ್ಧಿ ಎನ್ನಬೇಕು, ಈ ಕೈ ಎಷ್ಟು ತೊಳೆದ ಕೈ, ಎಷ್ಟು ಸ್ಪಿರಿಟ್ ಹಚ್ಚಿ ಉಜ್ಜಿದ ಕೈ. ಮುದುಕರು ತಲೆಯೆತ್ತಲಿಲ್ಲ, ಅವಸರ ಮಾಡಲಿಲ್ಲ. ಖಾಲಿ ಬೊಗಸೆಯನ್ನು ನೋಡುತ್ತ ನಿಂತಿದ್ದರು. ಜೋಡಿಸಿದ ಕಿರುಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಇನ್ನೊಂದು ಗಳಿಗೆ ತಡವಾದರೆ ಆ ಬೆರಳುಗಳು ಬಿಟ್ಟುಕೊಳ್ಳುತ್ತವೆ, ಬಿಟ್ಟುಕೊಂಡರೆ ನಾಳೆಯ ತನಕ ಏನೂ ಇಲ್ಲ. ಅವರ ಗಂಟಲ ಗಂಟು ಒಮ್ಮೆ ಮೇಲೇರಿ ಇಳಿಯಿತು, ನುಂಗಲು ಉಗುಳೂ ಇಲ್ಲದ ಗಂಟಲು.

"ಮನಶುದ್ಧಿ," ಎಂದಳು ಧನಶ್ರೀ. ಅವಳು ಅಂದುಕೊಂಡದ್ದಕ್ಕಿಂತ ದೊಡ್ಡ ದನಿ. "ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ."

ಎಲ್ಲಿಯೂ ತಡವರಿಸಲಿಲ್ಲ. ನೀರು ಬೊಗಸೆ ತುಂಬಿತು, ಅವರು ಬಗ್ಗಿ ಕುಡಿದರು. ಮತ್ತೆ ಹಾಕಿದಳು, ಮತ್ತೆ ಕುಡಿದರು. ಗಡ್ಡದಿಂದ ಹನಿಗಳು ಎದೆಯ ಮೇಲಿಳಿದವು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನೀರು ಇಳಿಯುವ ಗುಟುಕು ಸದ್ದು ಕೇಳಿ ಆದ ಸಂತೋಷವೂ ಖರೆಯದೇ ಆಗಿತ್ತು, ಅದನ್ನು ಏನು ಮಾಡಬೇಕೆಂದು ತಿಳಿಯದೆ ತಂಬಿಗೆ ಹಿಡಿದು ನಿಂತಳು. ಪದ್ಮವ್ವ ಅನ್ನ ಹಾಕಿದಳು, ತಂದೆ ಬೇಳೆ ಹಾಕಿದರು. ಹಾಲಿಗೆ ಮಹಾರಾಜರು ತಲೆಯಲ್ಲಾಡಿಸಿ ಬೇಡವೆಂದರು. ಕೂದಲಿಲ್ಲ, ಇರುವೆಯಿಲ್ಲ, ಯಾವ ಅಂತರಾಯವೂ ಇಲ್ಲದೆ ಆಹಾರ ಮುಗಿಯಿತು. ಹೋಗುವಾಗ ನವಿಲುಗರಿಯ ಪಿಂಛಿಯನ್ನು ಎಲ್ಲರ ತಲೆಯ ಮೇಲೂ ಎತ್ತಿ ಹರಸಿದರು. ತನ್ನ ಮೇಲೆ ಎತ್ತಿದಾಗ ಧನಶ್ರೀಗೆ ತಲೆ ಬಗ್ಗಿಸಲೂ ಆಗದೆ ನಿಲ್ಲಲೂ ಆಗದೆ ಕುತ್ತಿಗೆ ಸೆಟೆದುಕೊಂಡಿತು. ಅವರನ್ನು ಬಸದಿಯ ತನಕ ಬಿಟ್ಟುಬರಲು ತಂದೆ ಕಮಂಡಲು ಹಿಡಿದು ಜೊತೆಗೆ ಹೋದರು.

ಪದ್ಮವ್ವ ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲಿಟ್ಟಿದ್ದ ಡಬರಿಯ ನೀರನ್ನು ಕೊಡಕ್ಕೆ ಸುರಿದು ಹಗ್ಗ ಇಳಿಬಿಡುತ್ತಿದ್ದಳು. ಧನಶ್ರೀ ಹಿಂದೆಯೇ ಹೋದಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಗೊತ್ತಿತ್ತು. ಹಗ್ಗ ಸರ್ರನೆ ಇಳಿಯುತ್ತಿರುವಾಗಲೇ, ತಾಯಿಯ ಬೆನ್ನು ನೋಡುತ್ತ ಹೇಳಿದಳು.

"ಅವ್ವಾ, ಆ ಕಣಕ್ಕ ನಾ ಬರೇ ಸಕ್ಕರಿ ನೀರ ಹಾಕೂದಿಲ್ಲ."

"ಗೊತ್ತೈತಿ."

ಹಗ್ಗ ನಿಲ್ಲಲಿಲ್ಲ. ಕೊಡ ನೀರಿಗೆ ತಾಗುವಷ್ಟು ಇಳಿದ ಮೇಲೆ ಪದ್ಮವ್ವ ಅದನ್ನು ಮೆಲ್ಲಗೆ ಓರೆ ಮಾಡಿದಳು. ಹೋದ ದೀಪಾವಳಿಗೆ ಬಂದಿದ್ದ ವೈಭವನನ್ನು ಕೇಳಿದೆ ಎಂದಳು. ವೈಭವನೆಂದರೆ ಧನಶ್ರೀಯ ಕಾಕಾನ ಮಗ, ಜಮಖಂಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಸಕ್ಕರೆ ನೀರಿನಲ್ಲಿ ಜೀವ ಹೆಂಗ ಬೆಳಿತಾವಪಾ ಎಂದು ಹೆಮ್ಮೆಯಿಂದಲೇ ಕೇಳಿದ್ದಳಂತೆ. ಅವನು ಮೊದಲು ತಡವರಿಸಿ, ಆಮೇಲೆ ಎಲ್ಲ ಹೇಳಿದನಂತೆ, ಹೊಟ್ಟೆಯೊಳಗಿನ ಕರುವಿನ ತನಕ. ಧನಶ್ರೀಗೆ ಬಾವಿಕಟ್ಟೆಯ ಮಾತು ನೆನಪಾಯಿತು. ಬೆಳಿಗ್ಗೆ ಹಗ್ಗ ಮುಟ್ಟುವ ಮೊದಲು ಅಡ್ಡಿ ಐತೇನು ಎಂದು ಕೇಳಿದ್ದು, ಒಂದು ಗಳಿಗೆ ಜಾಸ್ತಿ ಮುಖ ನೋಡಿದ್ದು, ಅದು ಮುಟ್ಟಿನ ಲೆಕ್ಕವಾಗಿರಲಿಲ್ಲ. ತಾಯಿ ಬಾಗಿಲು ತೆರೆದು ಹಿಡಿದಿದ್ದಳು, ತಾನು ಸಿಡುಕಿ ಮುಚ್ಚಿದ್ದಳು.

"ಗೊತ್ತಿದ್ದೂ ನೀ ಬಾಗಿಲದಾಗ ನಿಂತು ವಚನಶುದ್ಧಿ ಅಂತ ಹೆಂಗ ಅಂದಿ? ನನಗ್ಯಾಕ ಹೇಳಾಕ ಹಚ್ಚಿದಿ?"

ಪದ್ಮವ್ವ ಖಾಲಿ ಕೊಡ ಮೇಲೆಳೆದು ಕಟ್ಟೆಯ ಮೇಲಿಟ್ಟಳು. "ಮೊನ್ನಿಯಿಂದ ಒಂದ ಹನಿ ನೀರ ಇದ್ದಿಲ್ಲ ಅವರಿಗೆ. ನಾ ಹಾಕಿದ ನೀರ ಒಬ್ಬಾವನ ಬಾಯಾಗ ಹೋಗಲಿಲ್ಲ. ಅದನ್ನ ಎರಡನೇ ಸಲ ನೋಡೂದು ನನ್ನ ಕೈಲೆ ಆಗೂದಿಲ್ಲ. ಪಾಪ ಬಂದ್ರ ಬರಲಿ." ಬೆರಳಿನಿಂದ ಗಲ್ಲ ಒರೆಸಿಕೊಂಡಳು. "ಅವನ ರೋಗದ ಕೆಲಸ ಮಾಡೂ ಕೈ ನಿಂದು. ನಿನ್ನ ಕೈಲೆ ಒಬ್ಬರ ಬಾಯಿಗೆ ನೀರ ಹ್ವಾದದ್ದು ನೋಡಬೇಕಾಗಿತ್ತು, ನೋಡಿದ್ನಿ."

ಆಮೇಲೆ ಅಡುಗೆಮನೆಗೆ ಹೋಗಿ, ಮಹಾರಾಜರು ಬೇಡವೆಂದ ಹಾಲನ್ನು ಲೋಟಕ್ಕೆ ಬಗ್ಗಿಸಿ ತಂದು ಮಗಳ ಮುಂದೆ ಹಿಡಿದಳು. ಧನಶ್ರೀ ಲೋಟ ನೋಡಿದಳು, ತಾಯಿಯ ಮುಖ ನೋಡಿದಳು. ಕಪ್ಪು ಚಹಾ. ಪಿತ್ತ. ದೀಪಾವಳಿ.

"ಅದಕ್ಕ ಹಾಲ ಬಿಟ್ಟಿಯೇನು?"

"ಆ ಕರಾ ಹುಟ್ಟಿದ್ರ ಕುಡೀತಿತ್ತು," ಎಂದಳು ಪದ್ಮವ್ವ. "ಅದರ ಪಾಲ ನಾ ಕುಡಿಯೂದು ಬ್ಯಾಡ ಅನಿಸ್ತು. ನೀ ಆ ಕೆಲಸದಾಗ ಇರೂತನಾ ಬಿಟ್ಟೀನಿ ಅಂತ ಬಸದ್ಯಾಗ ನೇಮ ತಗೊಂಡೇನಿ."

ಧನಶ್ರೀ ತಾನೂ ಬಿಡುತ್ತೇನೆಂದಳು. ಹೇಳುವಾಗಲೇ ಅದು ಎಷ್ಟು ಅಗ್ಗದ ಮಾತೆಂದು ತಿಳಿಯಿತು. ಬಿಡುವುದು ನನ್ನ ಕೆಲಸ, ನಿನ್ನ ಕೆಲಸ ಬೇರೆ ಇದೆ, ಕುಡಿ ಎಂದು ಪದ್ಮವ್ವ ಲೋಟವನ್ನು ಅವಳ ಕೈಗೆ ತುರುಕಿ, ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಕರೆಂಟು ಬಂತು. ಓಣಿಯ ಮಗ್ಗಗಳು ಒಂದೊಂದಾಗಿ ಮತ್ತೆ ಶುರುವಾದವು. ಪಡಸಾಲೆಯ ಗೂಡಿನಲ್ಲಿ ಫೋನು ಗುರುಗುಟ್ಟಿತು. ಪದ್ಮವ್ವ ಅತ್ತ ನೋಡಿ, ಬೆಳಿಗ್ಗೆಯಿಂದ ಅದರಲ್ಲಿ ಯಾರು ಏನು ಕೇಳುತ್ತಿದ್ದಾರೆಂದು ಕೇಳಿದಳು. ಕಣಗಳಿಗೆ ಉಣಿಸಲೇ ಬೇಡವೇ ಎಂದು ಮನೀಷಾ ಕೇಳುತ್ತಿದ್ದಾಳೆ ಎಂದಳು ಧನಶ್ರೀ. ಏನನ್ನು ಉಣಿಸುವುದು ಎಂಬುದನ್ನು ಈ ಸಲ ಇಬ್ಬರೂ ಹೇಳಬೇಕಾಗಿರಲಿಲ್ಲ. ಪದ್ಮವ್ವ ಸೋಸುವ ಅರಿವೆಯನ್ನು ಹಿಂಡಿ ಗಳುವಿನ ಮೇಲೆ ಹರವಿದಳು. ಅದರ ಸುಕ್ಕು ಬಿಡಿಸಿದಳು.

"ಹೇಳು ಆಕಿಗಿ," ಎಂದಳು. "ಅವೂ ಹಸದಿರತಾವ."

ಹಾಲಿಗೆ ಕೆನೆ ಕಟ್ಟಿತ್ತು. ಧನಶ್ರೀ ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡೇ ಗೂಡಿನಿಂದ ಫೋನು ತೆಗೆದು, ಹೂಂ, ತೆಗಿ ಎಂದು ಬರೆದಳು. ಆಮೇಲೆ, ತಾಯಿ ನೋಡುತ್ತಿರುವಂತೆಯೇ, ಹಾಲು ಕುಡಿದಳು.